ಸ್ವಾಮಿ ಯಾವ ಭಾಷೆಯಲ್ಲಿ ಮಾತಾಡಿದ್ದ? ಬಾಲ್ಯದ ಹಾಡು, ಧಾರಾವಾಹಿ, ಸಿನಿಮಾ ನಮ್ಮನ್ನು ಬಿಡದಿರುವ ಗುಟ್ಟು

ಹೋದ ತಿಂಗಳು ತುಮಕೂರಿನಿಂದ ಬೆಂಗಳೂರಿಗೆ ಬರುವ ಬಸ್ಸಿನಲ್ಲಿ ಯಾರದೋ ಫೋನು ರಿಂಗಾಯಿತು. ಮಾತಿಲ್ಲದ, ಬರೀ ಗುನುಗುವ ಒಂದು ರಾಗ. ಸ್ವಾಮಿ ಅನ್ನುವ ಹುಡುಗನ ಕಥೆಗಳಿದ್ದ ‘ಮಾಲ್ಗುಡಿ ಡೇಸ್’ ಧಾರಾವಾಹಿ ಶುರುವಾಗುವಾಗ ಬರುತ್ತಿತ್ತಲ್ಲ, ಅದೇ. ಫೋನು ಯಾವ ಜೇಬಲ್ಲಿದೆ ಅಂತ ಆ ಮನುಷ್ಯ ತಡಕಾಡುವಷ್ಟರಲ್ಲಿ ಮೂರು ನಾಲ್ಕು ತಲೆಗಳು ಆ ಕಡೆ ತಿರುಗಿದವು. ಎಲ್ಲರೂ ನಲವತ್ತು ದಾಟಿದವರು. ಕಂಡಕ್ಟರ್ ಟಿಕೆಟ್ ಮೆಷಿನ್ ಒತ್ತುತ್ತಲೇ, “ಬೇಗ ಎತ್ತಬೇಡಿ ಸಾರ್, ಸ್ವಲ್ಪ ಹೊತ್ತು ಹೊಡ್ಕೊಳ್ಲಿ” ಅಂದರು. ಕಿಟಕಿ ಪಕ್ಕ ಕೂತಿದ್ದ ಕಾಲೇಜು ಹುಡುಗಿ ಇವರಿಗೆಲ್ಲ ಏನಾಯ್ತು ಅನ್ನುವ ಹಾಗೆ ಒಮ್ಮೆ ನೋಡಿ ಮತ್ತೆ ಇಯರ್‌ಫೋನ್ ಸಿಕ್ಕಿಸಿಕೊಂಡಳು.

ಇಂಥದ್ದು ಈಗ ಎಲ್ಲ ಕಡೆ ಕಾಣುತ್ತಿದೆ. 2024ರ ಮಾರ್ಚ್‌ನಲ್ಲಿ ‘ಜಾಕಿ’, 2025ರ ಮಾರ್ಚ್‌ನಲ್ಲಿ ‘ಅಪ್ಪು’ ಮತ್ತೆ ಥಿಯೇಟರಿಗೆ ಬಂದವು. ಪುನೀತ್ ರಾಜ್‌ಕುಮಾರ್ ಹುಟ್ಟುಹಬ್ಬದ ನೆಪ. ‘ಅಪ್ಪು’ ಬಂದದ್ದು 2002ರಲ್ಲಿ. ಎಲ್ಲರಿಗೂ ಕಥೆ ಗೊತ್ತು, ಡೈಲಾಗ್ ಬಾಯಿಪಾಠ. ಆದರೂ ಮೊದಲ ದಿನದ ಹಾಗೆ ಕಟೌಟು, ಹೂವಿನ ಹಾರ, ಸೀಟಿನ ಮುಂದೆ ಕುಣಿತ. ಇತ್ತ ಫೋನು ತೆಗೆದರೆ ಕ್ಯಾಸೆಟ್ಟಿಗೆ ಪೆನ್ಸಿಲ್ ಸಿಕ್ಕಿಸಿ ಸುತ್ತುವ ವಿಡಿಯೊ, ‘ನೈಂಟೀಸ್ ಕಿಡ್ಸ್ ಮಾತ್ರ ಲೈಕ್ ಮಾಡಿ’ ಅನ್ನುವ ಆದೇಶ.

ನೋಡಿದ್ದನ್ನೇ ಮತ್ತೆ ನೋಡುವುದಕ್ಕೆ ಇಷ್ಟೊಂದು ಸಡಗರ ಯಾಕೆ? ಈಗಿನದಕ್ಕಿಂತ ಆಗಿನದು ನಿಜಕ್ಕೂ ಅಷ್ಟು ಚೆನ್ನಾಗಿತ್ತಾ? ಅಥವಾ ಇದೆಲ್ಲ ನಮ್ಮ ತಲೆಯೊಳಗಿನ ಆಟವಾ?

ಒಂದು ಕಾಲಕ್ಕೆ ಇದು ಕಾಯಿಲೆ

ಹಳೆಯದನ್ನು ನೆನೆದು ಹಿತವಾಗಿ ನೋಯುವ ಈ ಭಾವಕ್ಕೆ ನಾಸ್ಟಾಲ್ಜಿಯಾ ಅನ್ನುತ್ತಾರೆ. ಕನ್ನಡದಲ್ಲಿ ಬರೆಯುವವರು ‘ಹಳಹಳಿಕೆ’ ಅಂತ ಬಳಸುವುದುಂಟು. ಆದರೆ ಹಳಹಳಿಸುವುದು ಅಂದರೆ ಕೊರಗುವುದು. ಬಸ್ಸಿನ ಕಂಡಕ್ಟರ್ ಕೊರಗುತ್ತಿರಲಿಲ್ಲ, ಖುಷಿಯಾಗಿದ್ದರು. ಹಾಗಾಗಿ ಇಲ್ಲಿ ಸುಮ್ನೆ ‘ಹಂಬಲ’ ಅಂತ ಇಟ್ಟುಕೊಳ್ಳೋಣ.

ನಾಸ್ಟಾಲ್ಜಿಯಾ ಅನ್ನುವ ಪದ ಕವಿಗಳ ಬಾಯಲ್ಲಿ ಹುಟ್ಟಿದ್ದಲ್ಲ, ಡಾಕ್ಟರರ ಚೀಟಿಯಲ್ಲಿ ಹುಟ್ಟಿದ್ದು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೈದ್ಯಕೀಯ ಓದುತ್ತಿದ್ದ 19 ವರ್ಷದ ಯೊಹಾನೆಸ್ ಹೋಫರ್ ತನ್ನ ಪ್ರಬಂಧಕ್ಕಾಗಿ ಎರಡು ಗ್ರೀಕ್ ಪದ ಸೇರಿಸಿ ಇದನ್ನು ಹೊಲಿದ. ನೊಸ್ಟೋಸ್ ಅಂದರೆ ಮನೆಗೆ ಮರಳುವುದು, ಆಲ್ಗೋಸ್ ಅಂದರೆ ನೋವು. ಆಗ ಸ್ವಿಸ್ ಹುಡುಗರು ದುಡ್ಡಿಗಾಗಿ ಬೇರೆ ರಾಜರ ಸೈನ್ಯ ಸೇರುತ್ತಿದ್ದರು. ಊರು ಬಿಟ್ಟು ಹೋದವರಲ್ಲಿ ಕೆಲವರಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಬರುತ್ತಿರಲಿಲ್ಲ, ಜ್ವರ ಬರುತ್ತಿತ್ತು. ಮದ್ದು? ಊರಿಗೆ ಕಳಿಸುವುದು.

ಈ ಸೈನಿಕರನ್ನು ಜಾಸ್ತಿ ಕಾಡುತ್ತಿದ್ದದ್ದು ಒಂದು ಹಾಡಂತೆ. ಬೆಟ್ಟದ ಮೇಲೆ ದನ ಕಾಯುವವರು ಹಾಡುವ ಹಾಡು. ಅದು ಕಿವಿಗೆ ಬಿದ್ದರೆ ಹುಡುಗರು ಕೈಕಾಲು ಬಿಡುತ್ತಾರೆ ಅಂತ ದಂಡಿನಲ್ಲಿ ಅದನ್ನು ಹಾಡದಂತೆ ತಡೆದಿದ್ದರು ಅಂತಲೂ ಹಳೆಯ ಬರಹಗಳು ಹೇಳುತ್ತವೆ. ಆಮೇಲೆ ಬಂದ ವಿದ್ವಾಂಸರೊಬ್ಬರು, ಬೆಟ್ಟದಿಂದ ಕೆಳಗಿಳಿದಾಗ ಗಾಳಿಯ ಒತ್ತಡ ಹೆಚ್ಚಾಗಿ ಹೀಗಾಗುತ್ತದೆ ಅಂತ ವಾದಿಸಿದರು. ಕಾರಣ ತಪ್ಪು. ಆದರೆ ಒಂದು ವಿಷಯ ಆಗಲೇ ಕಂಡಿತ್ತು: ಮನಸ್ಸನ್ನು ಹಿಂದಕ್ಕೆ ಎಳೆಯಲು ಒಂದು ತುಣುಕು ರಾಗ ಸಾಕು.

ಕಾಲ ಕಳೆದಂತೆ ಇದು ಕಾಯಿಲೆಯ ಪಟ್ಟಿಯಿಂದ ಹೊರಬಂತು. ಮನೆ ನೆನಪಾಗುವುದು ಬೇರೆ, ಕಾಲ ನೆನಪಾಗುವುದು ಬೇರೆ ಅಂತ ಜನ ಗುರುತಿಸಿದರು. ಊರಿಗೆ ಬಸ್ ಹತ್ತಿ ಹೋಗಬಹುದು. 1987ಕ್ಕೆ ಹೋಗುವ ಬಸ್ ಇಲ್ಲ.

ನೆನಪಿನ ರಸ್ತೆಯಲ್ಲಿ ಒಂದು ಹಂಪು

ಅರವತ್ತು ದಾಟಿದ ಒಬ್ಬರನ್ನು ಕೂರಿಸಿಕೊಂಡು, ಬದುಕಿನಲ್ಲಿ ನೆನಪಿಗೆ ಬಂದದ್ದನ್ನೆಲ್ಲ ಹೇಳಿ ಅಂತ ಕೇಳಿ. ಒಂದೊಂದು ನೆನಪಿನ ಪಕ್ಕದಲ್ಲೂ ಆಗ ಅವರ ವಯಸ್ಸೆಷ್ಟು ಅಂತ ಬರೆದುಕೊಳ್ಳುತ್ತಾ ಹೋಗಿ. ಮೂರು ವರ್ಷ ತುಂಬುವ ಮೊದಲಿನದು ಹೆಚ್ಚುಕಮ್ಮಿ ಖಾಲಿ. ನಲವತ್ತು, ಐವತ್ತರ ವಯಸ್ಸಿನದು ತೆಳ್ಳಗೆ. ಇತ್ತೀಚಿನ ಒಂದೆರಡು ವರ್ಷದ್ದು ಸಾಕಷ್ಟು ಇರುತ್ತದೆ, ಅದು ಸಹಜ. ಆದರೆ ಹತ್ತರಿಂದ ಮೂವತ್ತು ವರ್ಷದ ನಡುವಿನದು ರಾಶಿ ಬೀಳುತ್ತದೆ. ಕಾಗದದ ಮೇಲೆ ಗೆರೆ ಎಳೆದರೆ ನಮ್ಮ ರಸ್ತೆಯ ಹಂಪಿನ ಥರ ಅಲ್ಲಿ ಉಬ್ಬಿಕೊಳ್ಳುತ್ತದೆ. 1986ರಲ್ಲಿ ಡೇವಿಡ್ ರೂಬಿನ್ ಮತ್ತವರ ಜೊತೆಗಾರರು ಬೇರೆ ಬೇರೆ ಅಧ್ಯಯನಗಳ ಲೆಕ್ಕ ಒಟ್ಟುಗೂಡಿಸಿ ಇದನ್ನು ತೋರಿಸಿದರು. ಇದನ್ನು ‘ನೆನಪಿನ ಉಬ್ಬು’ ಅಂತ ಕರೆಯಬಹುದು.

ಯಾಕೆ ಉಬ್ಬುತ್ತದೆ? ಹೊಸದಾಗಿ ಸಿಮೆಂಟ್ ಹಾಕಿದ ಅಂಗಳ ನೋಡಿರುತ್ತೀರಿ. ಹಸಿಯಾಗಿದ್ದಾಗ ನಾಯಿಯೊಂದು ಓಡಿ ಹೋಗಿರುತ್ತದೆ. ಆ ನಾಲ್ಕು ಹೆಜ್ಜೆ ಮನೆ ಇರುವ ತನಕ ಇರುತ್ತವೆ. ಆಮೇಲೆ ಅದೇ ಅಂಗಳದ ಮೇಲೆ ಲಾರಿ ಹತ್ತಿಸಿದರೂ ಗುರುತು ಬೀಳುವುದಿಲ್ಲ. ಆ ವಯಸ್ಸಿನಲ್ಲಿ ಎಲ್ಲವೂ ಮೊದಲ ಸಲ. ಮೊದಲ ಥಿಯೇಟರು, ಸ್ವಂತ ದುಡ್ಡಲ್ಲಿ ತಂದ ಮೊದಲ ಕ್ಯಾಸೆಟ್ಟು, ಮನೆಯಲ್ಲಿ ಹೇಳದೆ ನೋಡಿದ ಮೊದಲ ಸಿನಿಮಾ. ಜೊತೆಗೆ ‘ನಾನು ಯಾರು’ ಅನ್ನುವುದು ಕಟ್ಟಿಕೊಳ್ಳುವುದೂ ಆಗಲೇ. ವಿಷ್ಣು ಅಭಿಮಾನಿಯೋ ಅಂಬರೀಶ್ ಅಭಿಮಾನಿಯೋ ಅನ್ನುವುದು ಹೈಸ್ಕೂಲಿನಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಯಾವ ಬೆಂಚಲ್ಲಿ ಕೂರಬೇಕು ಅನ್ನುವುದೂ ಅದರ ಮೇಲೆ ನಿಂತಿತ್ತು.

ಹಾಡಿನ ವಿಷಯದಲ್ಲಿ ಈ ಉಬ್ಬು ಇನ್ನೂ ಚೆನ್ನಾಗಿ ಕಾಣುತ್ತದೆ. ಅಮೆರಿಕದ ಮಾರಿಸ್ ಹೋಲ್‌ಬ್ರೂಕ್, ರಾಬರ್ಟ್ ಶಿಂಡ್ಲರ್ ಅನ್ನುವ ಇಬ್ಬರು 1989ರಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ಕಾಲದ ಜನಪ್ರಿಯ ಹಾಡು ಕೇಳಿಸಿ, ಎಷ್ಟು ಇಷ್ಟ ಅಂತ ಅಂಕ ಕೊಡಿಸಿದರು. ಸುಮಾರು 23–24ರ ವಯಸ್ಸಿನಲ್ಲಿದ್ದಾಗ ಬಂದ ಹಾಡಿಗೆ ಜನ ಅತಿ ಹೆಚ್ಚು ಅಂಕ ಕೊಟ್ಟರು. ಇನ್ನೊಬ್ಬರು, ಪೆಟ್ರ್ ಜನಾಟ, ಕಾಲೇಜು ಹುಡುಗರನ್ನು ಸ್ಕ್ಯಾನ್ ಮಷಿನ್ನಿನಲ್ಲಿ ಮಲಗಿಸಿ, ಅವರು 8ರಿಂದ 18 ವರ್ಷದವರಿದ್ದಾಗ ಬಂದ ಹಾಡಿನ ತುಣುಕು ಹಾಕಿದರು. ಗುರುತು ಸಿಕ್ಕಿ, ನೆನಪು ಉಕ್ಕಿದ ಹಾಡು ಬಂದಾಗ ಹಣೆಯ ಹಿಂದಿನ, ಮಿದುಳಿನ ನಡುಭಾಗ ಚುರುಕಾಯಿತು. ‘ನನಗೆ ಸಂಬಂಧಿಸಿದ್ದು’ ಅನ್ನುವ ವಿಚಾರ ಬಂದಾಗ ಕೆಲಸ ಮಾಡುವ ಜಾಗ ಅದು. ಅಂದರೆ ಹಾಡು ಬರೀ ಕಿವಿಯಲ್ಲಿ ಉಳಿದಿಲ್ಲ. ನಮ್ಮದೇ ಚರಿತ್ರೆಯ ಜೊತೆ ಗಂಟು ಹಾಕಿಕೊಂಡು ಕೂತಿದೆ. ಮನೆಯವರ ಹೆಸರೇ ಮರೆತ ಅಜ್ಜಿಯೊಬ್ಬರು ಹಳೆ ಹಾಡು ಹಾಕಿದರೆ ಜೊತೆಗೆ ಗುನುಗುವುದನ್ನು ಕೆಲವರಾದರೂ ನೋಡಿರುತ್ತೀರಿ.

ಒಂದೇ ಚಾನೆಲ್, ಇಡೀ ಬೀದಿ

ಆದರೆ ಉಬ್ಬಿನ ಲೆಕ್ಕದಲ್ಲಿ ಒಂದು ತೊಡಕಿದೆ. ನನಗೆ ರಾಮಾನಂದ ಸಾಗರರ ‘ರಾಮಾಯಣ’ ಶುರುವಾದಾಗ ಏಳು ವರ್ಷ. ಉಬ್ಬು ಇನ್ನೂ ಶುರುವೇ ಆಗಿರದ ವಯಸ್ಸು. ಆದರೂ ಅದು ಕೆತ್ತಿದ ಹಾಗೆ ಉಳಿದಿದೆ. ಅದಕ್ಕೆ ಬೇರೆ ಕಾರಣ ಬೇಕು, ಅಲ್ವಾ?

ಒಂದು ಕಾರಣ ಸರಳ: ಪದೇ ಪದೇ ಕಂಡದ್ದು ಇಷ್ಟವಾಗುತ್ತದೆ. 1968ರಲ್ಲಿ ರಾಬರ್ಟ್ ಝಾಯಂಕ್ ಅನ್ನುವ ಮನಶ್ಶಾಸ್ತ್ರಜ್ಞರು ಜನರಿಗೆ ಅರ್ಥವೇ ಇಲ್ಲದ ಪದಗಳನ್ನು, ಗೊತ್ತಿಲ್ಲದ ಲಿಪಿಯ ಅಕ್ಷರಗಳನ್ನು ತೋರಿಸಿದರು. ಕೆಲವನ್ನು ಒಂದೆರಡು ಸಲ, ಕೆಲವನ್ನು ಇಪ್ಪತ್ತೈದು ಸಲ. ಹೆಚ್ಚು ಸಲ ಕಂಡದ್ದೇ ಜನರಿಗೆ ಒಳ್ಳೆಯದಾಗಿ ಕಂಡಿತು. ಅದರ ಅರ್ಥ ಗೊತ್ತಿರಲೇಬೇಕು ಅಂತಿಲ್ಲ. ವಾಷಿಂಗ್ ಪೌಡರಿನ ಜಾಹೀರಾತಿನ ಹಾಡು ನಲವತ್ತು ವರ್ಷ ಆದಮೇಲೂ ಬಾಯಿಗೆ ಬರುವುದು ಹೀಗೆ. ಅದು ಒಳ್ಳೆ ಹಾಡು ಅಂತಲ್ಲ, ತಪ್ಪಿಸಿಕೊಳ್ಳಲು ಬೇರೆ ಚಾನೆಲ್ ಇರಲಿಲ್ಲ ಅಂತ.

ಈ ‘ಬೇರೆ ಚಾನೆಲ್ ಇರಲಿಲ್ಲ’ ಅನ್ನುವುದೇ ಇನ್ನೊಂದು ಕಾರಣ. ದೂರದರ್ಶನದ ರಾಷ್ಟ್ರೀಯ ಪ್ರಸಾರ, ಬಣ್ಣದ ಟಿವಿ ಎರಡೂ ಬಂದದ್ದು 1982ರಲ್ಲಿ. ಕೇಬಲ್ ಮೂಲಕ ಸ್ಟಾರ್ ಬಂದದ್ದು 1991ರಲ್ಲಿ, ಝೀ ಬಂದದ್ದು 1992ರಲ್ಲಿ, ಕನ್ನಡದ್ದೇ ಆದ ಉದಯ ಟಿವಿ 1994ರಲ್ಲಿ. ಹಳ್ಳಿಗಳಿಗೆ ಕೇಬಲ್ ತಲುಪಿದ್ದು ಇನ್ನೂ ತಡ, ನಿಜ. ಆದರೂ ನಾವು ಒಂದು ದೊಡ್ಡ ಯುಗ ಅನ್ನುವ ಹಾಗೆ ಮಾತಾಡುವ ಆ ‘ಒಂದೇ ಚಾನೆಲ್ ಕಾಲ’ ಪಟ್ಟಣಗಳಲ್ಲಿ ಇದ್ದದ್ದು ಹೆಚ್ಚೆಂದರೆ ಹತ್ತು ವರ್ಷ. ಆ ಹತ್ತು ವರ್ಷದಲ್ಲಿ ಟಿವಿ ಇದ್ದ ಮನೆಗಳೆಲ್ಲ ಒಂದೇ ಹೊತ್ತಿಗೆ ಒಂದೇ ಚಿತ್ರ ನೋಡಿದವು. ಹಾಗಾಗಿ ಬಸ್ಸಿನಲ್ಲಿ ಗುರುತಿಲ್ಲದ ನಾಲ್ಕು ಜನ ಒಂದೇ ರಾಗಕ್ಕೆ ತಿರುಗುತ್ತಾರೆ.

ನಮ್ಮೂರಲ್ಲಿ ಟಿವಿ ಇದ್ದದ್ದು ಮೇಷ್ಟ್ರ ಮನೆಯಲ್ಲಿ. ಕಟ್ಟಿಗೆ ಪೆಟ್ಟಿಗೆ, ಅದಕ್ಕೆ ಎರಡು ಕಡೆಯಿಂದ ಎಳೆಯುವ ಶಟರು, ಶಟರಿಗೆ ಬೀಗ. ಬೀಗದ ಕೈ ಮೇಷ್ಟ್ರ ಹೆಂಡತಿಯ ಸೊಂಟದಲ್ಲಿ. ಪೆಟ್ಟಿಗೆ ಮೇಲೆ ಕಸೂತಿ ಹಾಕಿದ ಬಟ್ಟೆ, ಬಟ್ಟೆ ಮೇಲೆ ಗಾಜಿನ ನವಿಲು. ಭಾನುವಾರ ಬೆಳಗ್ಗೆ ನಾವು ಹುಡುಗರೆಲ್ಲ ಮಿಂದು, ತಲೆಗೆ ಎಣ್ಣೆ ಹಚ್ಚಿಕೊಂಡು ನೆಲದ ಮೇಲೆ ಕೂರುತ್ತಿದ್ದೆವು. ಪರದೆಯ ತುಂಬ ಅಕ್ಕಿ ಚೆಲ್ಲಿದ ಹಾಗೆ ಚುಕ್ಕಿ. ಮೇಷ್ಟ್ರ ಮಗ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸಬೇಕು.

“ಬಂತಾ?”

“ಇಲ್ಲ. ಇನ್ನೊಂಚೂರು ಆ ಕಡೆ.”

“ಈಗ?”

“ಬಂತು ಬಂತು! ಬಿಡಬೇಡ, ಅಂಗೇ ಹಿಡ್ಕಾ!”

ಕೈ ಬಿಟ್ಟರೆ ರಾಮ ಲಕ್ಷ್ಮಣ ಇಬ್ಬರೂ ಅಕ್ಕಿಯೊಳಗೆ ಮುಳುಗುತ್ತಿದ್ದರು. ಹಾಗಾಗಿ ಅವನು ಎಷ್ಟೋ ವಾರ ಮೇಲೆಯೇ ನಿಂತಿದ್ದ. ಮನೆಯಲ್ಲಿ ಟಿವಿ ಇದ್ದೂ ರಾಮಾಯಣವನ್ನು ಬರೀ ಕಿವಿಯಲ್ಲಿ ಕೇಳಿದವನು ನಮ್ಮೂರಲ್ಲಿ ಅವನೊಬ್ಬನೇ.

ಇಷ್ಟು ಯಾಕೆ ಹೇಳಿದೆ ಅಂದರೆ, ನೆನಪು ಕಾರ್ಯಕ್ರಮವನ್ನು ಮಾತ್ರ ಕತ್ತರಿಸಿ ಇಟ್ಟುಕೊಳ್ಳುವುದಿಲ್ಲ. ಎಣ್ಣೆ ವಾಸನೆ, ನೆಲದ ತಂಪು, ಪಕ್ಕದಲ್ಲಿದ್ದವನ ಮೊಣಕೈ, ಒಳಗೆ ಒಗ್ಗರಣೆ ಸಿಡಿದ ಸದ್ದು, ಎಲ್ಲವನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತದೆ. ಗಂಟಿನ ಯಾವ ತುದಿ ಎಳೆದರೂ ಇಡೀ ಗಂಟು ಬರುತ್ತದೆ. ರಾಗ ಅಂಥ ಒಂದು ತುದಿ. ವಾಸನೆ ಇನ್ನೊಂದು. ಮೂಗಿನಿಂದ ಹೋಗುವ ಸಂದೇಶಕ್ಕೆ ಮಿದುಳಿನಲ್ಲಿ ಭಾವನೆ, ನೆನಪು ನೋಡಿಕೊಳ್ಳುವ ಭಾಗಗಳಿಗೆ ತೀರಾ ಹತ್ತಿರದ ದಾರಿ ಇದೆ. ಹೊಸ ‘ಚಂದಮಾಮ’ ಸಂಚಿಕೆ ಬಿಡಿಸಿದಾಗ ಬರುತ್ತಿದ್ದ ಮಸಿಯ ವಾಸನೆ ಇಂದಿಗೂ ಕೆಲವರಿಗೆ ವಿಕ್ರಮನ ಹೆಗಲ ಮೇಲಿನ ಬೇತಾಳನನ್ನು ತಂದು ನಿಲ್ಲಿಸುವುದು ಅದಕ್ಕೇ.

ಸ್ವಾಮಿ ಕನ್ನಡ ಮಾತಾಡಿದನಾ?

ಈಗ ಸ್ವಲ್ಪ ಮುಜುಗರದ ಭಾಗ. ನೆನಪು ಗಟ್ಟಿಯಾಗಿದೆ ಅಂದರೆ ಸರಿಯಾಗಿದೆ ಅಂತ ಅರ್ಥ ಅಲ್ಲ.

‘ಮಾಲ್ಗುಡಿ ಡೇಸ್’ ನೆನೆಸಿಕೊಂಡರೆ ನನ್ನ ತಲೆಯಲ್ಲಿ ಸ್ವಾಮಿ ಕನ್ನಡದಲ್ಲಿ ಮಾತಾಡುತ್ತಾನೆ. ಅಪ್ಪನ ಪಾತ್ರದ ಗಿರೀಶ ಕಾರ್ನಾಡರು ಕನ್ನಡದಲ್ಲೇ ಗದರುತ್ತಾರೆ. ನನ್ನ ವಯಸ್ಸಿನ ಗೆಳೆಯರನ್ನೂ ಕೇಳಿದೆ. ಐದು ಜನರಲ್ಲಿ ಮೂವರು “ಕನ್ನಡ ಅಲ್ದೆ ಇನ್ನೇನು?” ಅಂದರು. ಆದರೆ ಎಂಬತ್ತರ ದಶಕದಲ್ಲಿ ಶಂಕರ್ ನಾಗ್ ಅದನ್ನು ತೆಗೆದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಚಿತ್ರೀಕರಣ ನಡೆದದ್ದು ಆಗುಂಬೆಯಲ್ಲಿ, ಸ್ವಾಮಿಯಾದವನು ಮಾಸ್ಟರ್ ಮಂಜುನಾಥ್, ಮುಖಗಳು ನಮ್ಮವು, ಮಳೆ ನಮ್ಮದು. ಮಾತು ಮಾತ್ರ ಹಿಂದಿ. ಆ ಹಿಂದಿಯಲ್ಲಿ ನನಗೆ ಆಗ ಅರ್ಧವೂ ತಿಳಿಯುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಅಕ್ಕ ಬಿಡಿಬಿಡಿಯಾಗಿ ಕನ್ನಡದಲ್ಲಿ ಹೇಳುತ್ತಿದ್ದಳು. ವರ್ಷಗಳು ಕಳೆದಂತೆ ನೆನಪು ಅಕ್ಕನ ದನಿ ತೆಗೆದು ಸ್ವಾಮಿಯ ಬಾಯಿಗೆ ಇಟ್ಟುಬಿಟ್ಟಿದೆ.

ನೆನಪು ಕ್ಯಾಸೆಟ್ಟಿನ ಥರ ಅಲ್ಲ, ಹಾಕಿದಾಗಲೆಲ್ಲ ಅದೇ ಸದ್ದು ಬರುವುದಕ್ಕೆ. ಅದು ಅಮ್ಮನ ಸಾರಿನ ಥರ. ಪ್ರತಿ ಸಲ ಹೊಸದಾಗಿ ಮಾಡಬೇಕು, ಮನೆಯಲ್ಲಿ ಆ ದಿನ ಏನಿದೆಯೋ ಅದನ್ನು ಹಾಕಬೇಕು. ನೆನೆಸಿಕೊಂಡಾಗಲೆಲ್ಲ ಮಿದುಳು ಚೂರುಗಳನ್ನು ಜೋಡಿಸಿ ಚಿತ್ರವನ್ನು ಮತ್ತೆ ಕಟ್ಟುತ್ತದೆ. ಇಲ್ಲದ ಚೂರಿಗೆ ಈಗಿನದೇನೋ ಒಂದನ್ನು ತುಂಬುತ್ತದೆ. ನನ್ನ ನೆನಪಿನ ರಾಮನಿಗೆ ಹಳದಿ ಪೀತಾಂಬರ ಇದೆ. ಮೇಷ್ಟ್ರ ಟಿವಿ ಕಪ್ಪು ಬಿಳುಪು.

2020ರ ಲಾಕ್‌ಡೌನ್ ಹೊತ್ತಲ್ಲಿ ‘ಮಾಲ್ಗುಡಿ ಡೇಸ್’ ಕನ್ನಡಕ್ಕೆ ಡಬ್ ಆಗಿ ಕನ್ನಡ ವಾಹಿನಿಯೊಂದರಲ್ಲಿ ಬಂತು. ಖುಷಿಯಿಂದ ಕೂತೆ. ಐದೇ ನಿಮಿಷಕ್ಕೆ ಏನೋ ತಪ್ಪಿದೆ ಅನ್ನಿಸಿತು. ಸ್ವಾಮಿ ಈಗ ನಿಜವಾಗಿ ಕನ್ನಡ ಮಾತಾಡುತ್ತಿದ್ದ, ಆದರೆ ಅದು ‘ನನ್ನ’ ಸ್ವಾಮಿಯ ಕನ್ನಡ ಆಗಿರಲಿಲ್ಲ. (ದಶಕಗಳ ಕಾಲ ಕನ್ನಡ ಚಿತ್ರರಂಗ ಡಬ್ಬಿಂಗ್ ವಿರೋಧಿಸುತ್ತಾ ಬಂದಿತ್ತು. ಹಾಗಾಗಿ ನಮ್ಮ ಪೀಳಿಗೆಯ ಕನ್ನಡ ಮಕ್ಕಳು ಬಾಲ್ಯದ ದೊಡ್ಡ ದೊಡ್ಡ ಕಥೆಗಳನ್ನು ಪೂರ್ತಿ ತಿಳಿಯದ ಭಾಷೆಯಲ್ಲಿ ನೋಡಿದೆವು. 2009ರಲ್ಲಿ ಚಿಂಟು ಟಿವಿ ಬಂದಮೇಲೆ ಕಾರ್ಟೂನುಗಳು ಕನ್ನಡದಲ್ಲಿ ಮಾತಾಡಿದವು. ಅವನ್ನು ನೋಡಿ ಬೆಳೆದವರು ಈಗ ಇಪ್ಪತ್ತರ ಆಚೆ ಇದ್ದಾರೆ. ಅವರ ನೆನಪಿಗೆ ಹೀಗೆ ದನಿ ಬದಲಿಸುವ ಕೆಲಸ ಇಲ್ಲ.)

ನೆನಪು ಇನ್ನೊಂದು ಕೈಚಳಕವನ್ನೂ ಮಾಡುತ್ತದೆ. ಕಹಿ ಬೇಗ ಮಾಸುತ್ತದೆ, ಸಿಹಿ ನಿಧಾನಕ್ಕೆ ಮಾಸುತ್ತದೆ. ಒಂದು ಘಟನೆ ನಡೆದಾಗ ಆದ ಸಿಟ್ಟು, ಅವಮಾನ, ಬೇಸರದ ಬಿಸಿ ಕಾಲ ಕಳೆದಂತೆ ಸಂತೋಷದ ಬಿಸಿಗಿಂತ ಬೇಗ ಇಳಿಯುತ್ತದೆ ಅಂತ ಹಲವು ಅಧ್ಯಯನಗಳು ಕಂಡುಕೊಂಡಿವೆ. ಭಾನುವಾರದ ಕಥೆಯ ನಡುವೆ ಕರೆಂಟು ಹೋದರೆ ಅಳು ಬರುತ್ತಿತ್ತು. ಈಗ ಅದೇ ಕರೆಂಟು ಹೋದದ್ದನ್ನು ನಗುತ್ತಾ ಹೇಳುತ್ತೇವೆ. ‘ಅಡಚಣೆಗಾಗಿ ಕ್ಷಮಿಸಿ’ ಅನ್ನುವ ಹಲಗೆಯೂ ಈಗ ಮುದ್ದು.

ಆದರೆ ಎಲ್ಲರ ಕಹಿಯೂ ಒಂದೇ ಸಮನೆ ಮಾಸುವುದಿಲ್ಲ. ನನ್ನ ತರಗತಿಯ ಒಬ್ಬ ಗೆಳೆಯ ಅದೇ ರಾಮಾಯಣವನ್ನು ಅದೇ ಮನೆಯಲ್ಲಿ ನೋಡಿದ, ಆದರೆ ಕಿಟಕಿಯ ಹೊರಗೆ ನಿಂತು. ಅವನ ಕೇರಿಯವರು ಒಳಗೆ ಬರುವ ರೂಢಿ ಇರಲಿಲ್ಲ. ಬಾಗಿಲಲ್ಲಿ ಯಾರೂ ತಡೆಯಬೇಕಾಗಿರಲಿಲ್ಲ, ಅವರೇ ಒಳಗೆ ಬರುತ್ತಿರಲಿಲ್ಲ. ನಾನು ‘ಇಡೀ ಬೀದಿ ಒಟ್ಟಿಗೆ ಕೂತು ನೋಡ್ತಿತ್ತು’ ಅಂತ ಹೇಳಿದಾಗ ಅವನು ನಕ್ಕ. “ಕೂತಿದ್ದು ನೀವು” ಅಂದ. ಅವನಿಗೂ ಆ ರಾಗ ಇಷ್ಟವೇ. ರಾಗದ ಜೊತೆ ಬರುವ ಗಂಟು ಬೇರೆ, ಅಷ್ಟೇ.

ಬೇಜಾರಾದಾಗಲೇ ಯಾಕೆ?

ಹಳೆಯ ಹಾಡು ಹಾಕಿಕೊಂಡು ಕೂರುವುದು ಖುಷಿಯ ದಿನ ಅಲ್ಲ, ಮಂಕಾದ ದಿನ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಟಿಮ್ ವೈಲ್ಡ್‌ಶುಟ್, ಕಾನ್ಸ್ಟಂಟೈನ್ ಸೆಡಿಕೀಡೆಸ್ ಮತ್ತವರ ಜೊತೆಗಾರರು 2006ರಲ್ಲಿ ಜನರನ್ನು, ಯಾವಾಗ ನಿಮಗೆ ಹೀಗೆ ಹಂಬಲ ಬರುತ್ತದೆ ಅಂತ ಕೇಳಿದರು. ಮನಸ್ಸು ಕುಗ್ಗಿದಾಗ ಅನ್ನುವುದೇ ಮುಖ್ಯ ಉತ್ತರ. ಅದರಲ್ಲೂ ಒಂಟಿತನ. ಹಾಗೆ ನೆನೆಸಿಕೊಂಡ ಮೇಲೆ ‘ನನಗೂ ಜನ ಇದ್ದಾರೆ’ ಅನ್ನುವ ಭಾವ ಹೆಚ್ಚಾಗುವುದೂ ಆ ಅಧ್ಯಯನದಲ್ಲಿ ಕಂಡಿತು. ಅಂದರೆ ಹಂಬಲ ಒಂಟಿತನಕ್ಕೆ ಮನೆಮದ್ದಿನ ಥರ, ಶೀತ ಆದಾಗ ಮೆಣಸಿನ ಸಾರು ಕುಡಿದ ಹಾಗೆ. ಶೀತ ತಂದದ್ದು ಸಾರಲ್ಲ. ಆದರೆ ಸಾರು ಮತ್ತು ಶೀತ ಯಾವಾಗಲೂ ಒಟ್ಟಿಗೆ ಕಾಣುವುದರಿಂದ, ಹಳೆಯದನ್ನು ನೆನೆಯುವುದೇ ದುಃಖಕ್ಕೆ ಕಾರಣ ಅಂತ ಹಿಂದಿನ ಡಾಕ್ಟರರು ತಪ್ಪು ತಿಳಿದರು.

‘ಬೆಚ್ಚನೆಯ ನೆನಪು’ ಅನ್ನುತ್ತೇವಲ್ಲ, ಅದು ಬರೀ ಮಾತೂ ಅಲ್ಲವಂತೆ. 2012ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ತಣ್ಣನೆ ಕೋಣೆಯಲ್ಲಿ ಕೂತು ಹಂಬಲದ ಘಟನೆ ನೆನೆಸಿಕೊಂಡವರು, ಮಾಮೂಲಿ ಘಟನೆ ನೆನೆಸಿಕೊಂಡವರಿಗಿಂತ ಆ ಕೋಣೆಯನ್ನು ಹೆಚ್ಚು ಬೆಚ್ಚಗಿದೆ ಅಂತ ಅಂದಾಜು ಮಾಡಿದರು.

ಇದು ದೇಶದ ಮಟ್ಟದಲ್ಲಿ ನಡೆದದ್ದನ್ನು ನಾವೇ ನೋಡಿದ್ದೇವೆ. 2020ರ ಮಾರ್ಚ್ ಕೊನೆಯಲ್ಲಿ ಎಲ್ಲರೂ ಮನೆಯೊಳಗೆ ಕೂತೆವು. ಮುಂದೇನು ಅಂತ ಯಾರಿಗೂ ಗೊತ್ತಿಲ್ಲ. ಮಾರ್ಚ್ 28ಕ್ಕೆ ದೂರದರ್ಶನ ‘ರಾಮಾಯಣ’ವನ್ನು ಮತ್ತೆ ಹಾಕಿತು. ಏಪ್ರಿಲ್ 16ರಂದು ಒಂದೇ ಕಂತನ್ನು 7.7 ಕೋಟಿ ಜನ ನೋಡಿದರು ಅಂತ ಅದು ಹೇಳಿಕೊಂಡಿತು. ಹಳೆಯದಕ್ಕೇ ಅಂತ ‘ಡಿಡಿ ರೆಟ್ರೊ’ ಅನ್ನುವ ಬೇರೆ ಚಾನೆಲ್ಲನ್ನೂ ಅದೇ ಏಪ್ರಿಲ್‌ನಲ್ಲಿ ಶುರುಮಾಡಿದರು. ನೂರಾರು ಚಾನೆಲ್, ಕೈಯಲ್ಲಿ ಫೋನು ಇದ್ದವರು ಮೂವತ್ತಮೂರು ವರ್ಷ ಹಿಂದಿನ, ಬಾಣಗಳು ನಿಧಾನಕ್ಕೆ ತೇಲಿ ಹೋಗುವ ಯುದ್ಧ ನೋಡಲು ಕೂತರು. ಮುಂದೇನಾಗುತ್ತದೆ ಅಂತ ಖಾತ್ರಿ ಇದ್ದದ್ದು ಅದೊಂದರಲ್ಲೇ.

ಹುಟ್ಟುವ ಮೊದಲಿನ ಹಾಡಿಗೂ ಹಂಬಲ

‘ಅಪ್ಪು’ ಮತ್ತೆ ಬಂದಾಗ ಕುಣಿದವರಲ್ಲಿ 2002ರಲ್ಲಿ ಹುಟ್ಟಿಯೇ ಇರದವರೂ ಇದ್ದರು. ಇಪ್ಪತ್ತರ ಹುಡುಗರು ಎಪ್ಪತ್ತರ ದಶಕದ ರಾಜ್‌ಕುಮಾರ್ ಹಾಡಿಗೆ ಕಣ್ಣು ಒರೆಸಿಕೊಳ್ಳುತ್ತಾರೆ. ತಾವು ಬದುಕಿರದ ಕಾಲಕ್ಕೆ ಹಂಬಲ ಹೇಗೆ?

2013ರಲ್ಲಿ ಕ್ಯಾರಲ್ ಕ್ರುಮ್‌ಹಾನ್ಸಲ್ ಮತ್ತು ಜಸ್ಟಿನ್ ಝುಪ್ನಿಕ್ ಇಪ್ಪತ್ತರ ಆಸುಪಾಸಿನವರಿಗೆ ಹಲವು ದಶಕದ ಹಾಡು ಕೇಳಿಸಿದರು. ತಮ್ಮ ಹರೆಯದ ಹಾಡಿಗೆ ಉಬ್ಬು ಕಂಡದ್ದು ಸರಿ. ಇನ್ನೊಂದು ಉಬ್ಬೂ ಕಂಡಿತು. ಅದು ಅವರ ಅಪ್ಪ ಅಮ್ಮ ಹರೆಯದಲ್ಲಿದ್ದಾಗಿನ ಹಾಡುಗಳಿಗೆ. ಬಿಡಿಸಿ ಹೇಳಬೇಕಾದ್ದೇನಿಲ್ಲ. ಅಮ್ಮ ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡು ಪಾತ್ರೆ ತೊಳೆಯುತ್ತಾಳೆ. ಅಪ್ಪ ಕಾರಿನಲ್ಲಿ ಪೆನ್‌ಡ್ರೈವ್ ಸಿಕ್ಕಿಸುತ್ತಾರೆ, ಅದರಲ್ಲಿರುವುದೆಲ್ಲ ಪಿ.ಬಿ. ಶ್ರೀನಿವಾಸ್. ಹಿಂದಿನ ಸೀಟಿನಲ್ಲಿ ಕೂತ ಮಗುವಿಗೆ ಆ ಹಾಡು ಊಟಿಗೆ ಹೋದ ದಾರಿ, ವಾಂತಿ ಬಂದದ್ದು, ಅಪ್ಪ ನಿಂಬೆಹಣ್ಣು ಕೊಟ್ಟದ್ದು. ಹಾಡು ಅಪ್ಪನ ಕಾಲದ್ದು. ನೆನಪು ಮಗುವಿನದೇ.

ದುಡ್ಡಿನ ಲೆಕ್ಕ

ಹಳೆ ಸಿನಿಮಾ ಮತ್ತೆ ಬರುವುದು ನಮ್ಮಲ್ಲಿ ಹೊಸದಲ್ಲ. ಟಿವಿ, ಮನೆಯಲ್ಲೇ ಕ್ಯಾಸೆಟ್ ಹಾಕಿ ಸಿನಿಮಾ ನೋಡುವ ವಿಸಿಪಿ ಬರುವ ಮೊದಲು ಟೆಂಟು, ಟೂರಿಂಗ್ ಟಾಕೀಸುಗಳು ನಡೆದದ್ದೇ ಹಳೆ ಚಿತ್ರಗಳ ಮೇಲೆ. ಆಗ ಬರುತ್ತಿದ್ದವರು ಮೊದಲ ಸಲ ನೋಡಲು ಆಗದವರು, ಅಥವಾ ಮತ್ತೆ ನೋಡಲು ಬೇರೆ ದಾರಿ ಇಲ್ಲದವರು. 1995ರ ‘ಓಂ’ ಮತ್ತೆ ಮತ್ತೆ ಥಿಯೇಟರಿಗೆ ಬರುತ್ತಲೇ ಇತ್ತು. ಇಪ್ಪತ್ತು ವರ್ಷ ಅದು ಟಿವಿಯಲ್ಲಿ ಬಂದಿರಲಿಲ್ಲ ಅನ್ನುವುದೂ ಅದಕ್ಕೊಂದು ಕಾರಣ. ಈಗಿನ ಮರುಬಿಡುಗಡೆ ಉಲ್ಟಾ. ಫೋನಿನಲ್ಲೇ ಇರುವ ಸಿನಿಮಾಕ್ಕೆ ಹತ್ತು ಸಲ ನೋಡಿದವರು ದುಡ್ಡು ಕೊಟ್ಟು ಬರುತ್ತಾರೆ. ಸಿನಿಮಾಕ್ಕಲ್ಲ, ಒಟ್ಟಿಗೆ ಕೂಗುವುದಕ್ಕೆ.

ನಿರ್ಮಾಪಕರ ಲೆಕ್ಕವೂ ಸರಳ. ನೆಗೆಟಿವ್ ಸ್ಕ್ಯಾನ್ ಮಾಡಿ, ಗೀರು ತೆಗೆದು, ಸದ್ದು ಚೊಕ್ಕ ಮಾಡಿದರೆ ಸಾಕು. ನಟರಿಗೆ ಸಂಭಾವನೆ ಇಲ್ಲ, ಸೆಟ್ ಖರ್ಚಿಲ್ಲ, ಕಥೆ ಓಡುತ್ತದೋ ಇಲ್ಲವೋ ಅನ್ನುವ ಭಯ ಕಮ್ಮಿ. ಇನ್ನೊಂದು, ಹತ್ತು ವರ್ಷದವನಾಗಿದ್ದಾಗ ನೋಡಿದವನಿಗೆ ಈಗ ಮೂವತ್ತೈದು. ಸಂಬಳ ಬರುತ್ತದೆ. ಜಾಹೀರಾತು ಕಂಪನಿಯಲ್ಲಿ, ಚಾನೆಲ್ಲಿನಲ್ಲಿ, ಸಿನಿಮಾ ತಂಡದಲ್ಲಿ ತೀರ್ಮಾನ ತೆಗೆದುಕೊಳ್ಳುವವರೂ ಅದೇ ವಯಸ್ಸಿನವರು. ಕೊಳ್ಳುವವರು, ಮಾರುವವರು ಇಬ್ಬರೂ ಒಂದೇ ಹಾಡು ಕೇಳಿ ಬೆಳೆದವರಾದಾಗ ಆ ಹಾಡು ಮಾರುಕಟ್ಟೆಗೆ ಬರುತ್ತದೆ. ಇಪ್ಪತ್ತು ಮೂವತ್ತು ವರ್ಷಕ್ಕೊಮ್ಮೆ ಹಳೆಯದು ತಿರುಗಿ ಬರುವಂತೆ ಕಾಣುವುದು ಹೀಗೆ. ಮುಂದೆ 2009ರ ಕಾರ್ಟೂನುಗಳ ಸರದಿ.

ಕೆಲವೊಮ್ಮೆ ಹಳೆಯದನ್ನು ತಿದ್ದಿಯೂ ಮಾರುತ್ತಾರೆ. 1971ರ ‘ಕಸ್ತೂರಿ ನಿವಾಸ’ ಕಪ್ಪು ಬಿಳುಪಿನದು. ಅದಕ್ಕೆ ಬಣ್ಣ ತುಂಬಿ 2014ರಲ್ಲಿ ಬಿಡುಗಡೆ ಮಾಡಿದರು. ಮೇಷ್ಟ್ರ ಟಿವಿಯ ರಾಮನಿಗೆ ನನ್ನ ನೆನಪು ಮಾಡಿದ ಕೆಲಸವನ್ನು ಅಲ್ಲಿ ಕಂಪ್ಯೂಟರ್ ಮಾಡಿತು.

ಇಲ್ಲದ ಊರಿನ ರೈಲ್ವೆ ಸ್ಟೇಷನ್

ಹಂಬಲದಲ್ಲಿ ಎರಡು ಬಗೆ ಅಂತ ಸ್ವೆಟ್ಲಾನಾ ಬಾಯ್ಮ್ ಅನ್ನುವ ಲೇಖಕಿ 2001ರಲ್ಲಿ ಬರೆದರು. ಹುಟ್ಟಿದ ಹಳೆ ಮನೆ ಬಿದ್ದುಹೋಗಿದೆ ಅಂದುಕೊಳ್ಳಿ. ಒಬ್ಬ ಅದನ್ನು ಹಿಂದೆ ಇದ್ದ ಹಾಗೇ ಮತ್ತೆ ಕಟ್ಟಬೇಕು ಅಂತ ಹಟ ಹಿಡಿಯುತ್ತಾನೆ. ಇನ್ನೊಬ್ಬ ಬಿದ್ದ ಗೋಡೆಯ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಂತು, ಬೀಡಿ ಸೇದಿ, ಬಸ್ ಹತ್ತುತ್ತಾನೆ. ಮೊದಲನೆಯವನಿಗೆ ಹಿಂದಿನದೇ ಸರಿ. ಎರಡನೆಯವನಿಗೆ ಅದು ಹೋಯಿತು ಅನ್ನುವುದು ಗೊತ್ತು.

ಎರಡೂ ಒಟ್ಟಿಗೆ ಕಾಣುವ ಜಾಗ ಶಿವಮೊಗ್ಗ ಜಿಲ್ಲೆಯಲ್ಲಿದೆ. ಶಿವಮೊಗ್ಗ–ತಾಳಗುಪ್ಪ ರೈಲು ದಾರಿಯಲ್ಲಿ ಅರಸಾಳು ಅಂತ ಸಣ್ಣ ಸ್ಟೇಷನ್. ‘ಮಾಲ್ಗುಡಿ ಡೇಸ್’ ತೆಗೆಯುವಾಗ ಮಾಲ್ಗುಡಿಯ ಸ್ಟೇಷನ್ ಆದದ್ದು ಇದೇ. ಮಾಲ್ಗುಡಿ ಅನ್ನುವ ಊರು ಎಲ್ಲೂ ಇಲ್ಲ, ಆರ್.ಕೆ. ನಾರಾಯಣ್ ಕಟ್ಟಿದ ಕಲ್ಪನೆ. ಅಲ್ಲಿನ ಹಳೆಯ ಕಟ್ಟಡವನ್ನು ರೈಲ್ವೆಯವರು ರಿಪೇರಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಇಲ್ಲದ ಊರಿಗೆ ನಿಜವಾದ ಸ್ಟೇಷನ್, ಅದಕ್ಕೊಂದು ಮ್ಯೂಸಿಯಂ. ಜನ ಕಾರು ನಿಲ್ಲಿಸಿ ಇಳಿಯುತ್ತಾರೆ, ಮಕ್ಕಳನ್ನು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಮಕ್ಕಳಿಗೆ ಯಾಕೆ ಅಂತ ಗೊತ್ತಿರುವುದಿಲ್ಲ.

ದಸರಾ ರಜೆಯಲ್ಲಿ ತಮ್ಮನ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಒಂಬತ್ತು ವರ್ಷ ಅವಳಿಗೆ. ವಾಪಸ್ ಬಂದ ರಾತ್ರಿ, ತೋರಿಸೇಬಿಡೋಣ ಅಂತ ಟಿವಿಯಲ್ಲಿ ಮೊದಲ ಕಂತು ಹಾಕಿದೆ. ಆರ್.ಕೆ. ಲಕ್ಷ್ಮಣ್ ಗೀಚಿದ ಚಿತ್ರಗಳು ಒಂದೊಂದಾಗಿ ಬಂದವು. ಹಿಂದೆ ಎಲ್. ವೈದ್ಯನಾಥನ್ ಅವರ ಆ ರಾಗ. ನಾನು ಸೌಂಡು ಜಾಸ್ತಿ ಮಾಡಿ ಹಿಂದಕ್ಕೆ ಒರಗಿದೆ. ಅವಳು ನನ್ನ ಕೈಯಿಂದ ರಿಮೋಟ್ ತಗೊಂಡು ತಿರುಗಿಸಿ ಮುರುಗಿಸಿ ನೋಡಿದಳು.

“ದೊಡ್ಡಪ್ಪ, ಇದನ್ನ ಸ್ಕಿಪ್ ಮಾಡೋದು ಎಲ್ಲಿ ಒತ್ಬೇಕು?”